ಅಳಿಯನ ಹಗುರ ಕೋವಿ

ಮೊಂಟಾನಾ, ಮೇ ೯

ಅಳಿಯಂದಿರು ಡ್ವೇನ್ ಅವರಿಗೆ,

ಹೊತ್ತು ನಡೆಯಲು ಹಗುರ ಇರಲಿ ಅಂತ ಐದೂವರೆ ಪೌಂಡಿನ ಕೋವಿ ಆರಿಸಿದಿರಿ. ನಡೆದದ್ದೆಲ್ಲಿ? ಪಿಕಪ್ಪಿನ ಬಾನೆಟ್ ಮೇಲೆ ಮರಳುಚೀಲ ಇಟ್ಟು, ನಿಂತಲ್ಲೇ ಒಂದೇ ಸಮ ಇಪ್ಪತ್ತು ಗುಂಡು ಹಾರಿಸಿದಿರಿ. ತೆಳ್ಳನೆ ನಳಿಗೆ ಕಾದು ಗುಂಡೆಲ್ಲ ಅಡ್ಡಾದಿಡ್ಡಿ ಹೋದವು. ನೀವು ಹೊಡೆಯಬೇಕಿದ್ದ, ಹುಲ್ಲುಗಾವಲಲ್ಲಿ ಬಿಲ ತೋಡುವ ಅಳಿಲುಗಳು ಎದ್ದು ನಿಂತು ತಮಾಷೆ ನೋಡಿದವು. “ಗಾಳಿ ಜಾಸ್ತಿ ಅತ್ತೆ” ಅಂದಿರಿ. ಇಲ್ಲಿ ಗಾಳಿ ಇಲ್ಲದ ದಿನ ಯಾವುದಪ್ಪ?

ನಿಂತು ಹೊಡೆಯುವವರಿಗೆ ತೀರಿಹೋದ ನಿಮ್ಮ ಮಾವನ ದಪ್ಪ ನಳಿಗೆಯ ಕೋವಿಯೇ ಸರಿ. ಭಾನುವಾರ ಬಂದು ಒಯ್ಯಿರಿ. ನಿಮ್ಮದನ್ನು ಇಲ್ಲೇ ಬಿಟ್ಟುಹೋಗಿ. ಆ ಬಿಲಗಳಲ್ಲಿ ಈಗಾಗಲೇ ಒಂದು ಕುದುರೆ ಕಾಲು ಮುರಿದುಕೊಂಡಿದೆ. ದಿನಾ ಹುಲ್ಲುಗಾವಲು ಸುತ್ತುವವಳು ನಾನು.

ಮಾರ್ಚಿನಿಂದ ನಿಮ್ಮ ಮಾವನ ಆ ಭಾರದ ಕೋವಿ ನನ್ನ ಹೆಗಲಿಗೆ ಏರುತ್ತಿಲ್ಲ. ಮಗಳಿಗೆ ಹೇಳೀರಿ, ಜೋಕೆ.

ಅತ್ತೆ,
ಆರ್ಡಿತ್