ಕರೆಯದೆ ಬಿಟ್ಟ ಸಾಕ್ಷಿ

ತುಮಕೂರು
೧೨-೯-೧೯೬೩

ಚಿ. ಸೌ. ಕೌಸಲ್ಯಳಿಗೆ ಅಣ್ಣ ಪಟ್ಟಾಭಿರಾಮನ ಆಶೀರ್ವಾದಗಳು.

ಕುಣಿಗಲ್ಲಿನಿಂದ ನೀನು ಬರೆದ ಎರಡು ಕಾಗದಗಳೂ ತಲುಪಿವೆ. ಉತ್ತರ ತಡವಾಯಿತು. ಬ್ಯಾಂಕಿನಲ್ಲಿ ಕೆಲಸ ಹೆಚ್ಚು ಎನ್ನಬಹುದಿತ್ತು. ನಿಜವೆಂದರೆ ಬರೆಯಲು ಕೂತು ಎರಡು ಸಲ ಎದ್ದುಹೋದೆ. ನಿಮ್ಮತ್ತಿಗೆ ಆರೋಗ್ಯವಾಗಿದ್ದಾಳೆ. ಅಮ್ಮನ ಮಂಡಿನೋವು ಹಾಗೇ ಇದೆ.

ಮುದ್ದಯ್ಯನ ವಿಷಯ ಕೇಳಿದ್ದೀಯ. ಎರಡು ವರ್ಷದ ಹಿಂದೆ, ಭಾವನವರು ಬ್ಯಾಂಕಿನ ಗುಬ್ಬಿ ಶಾಖೆಯ ಹೊಣೆ ಹೊತ್ತ ಏಜೆಂಟರಾಗಿದ್ದಾಗ, ಜವಾನ ಮುದ್ದಯ್ಯ ರಜೆ ಹಾಕಿ ಊರಿಗೆ ಹೋದ. ಮರುದಿನ ಬ್ಯಾಂಕಿನ ಮುಂಬಾಗಿಲ ಬೀಗದ ಕೈ ಸಿಗದೆ ಬೀಗ ಒಡೆಸಬೇಕಾಯಿತು. ಅವನೇ ತೆಗೆದುಕೊಂಡು ಹೋದನೆಂದು ಭಾವನವರು ವರದಿ ಬರೆದರು. ವಿಚಾರಣೆಗೆ ಹೆಡ್ಡಾಫೀಸಿನವರು ನನ್ನನ್ನು ನೇಮಿಸಿದರು. ನಾನು ಏಜೆಂಟರ ಹೆಂಡತಿಯ ಅಣ್ಣನೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಮುದ್ದಯ್ಯನಿಗೆ ಗೊತ್ತಿತ್ತು. "ಬೇರೆಯವರು ವಿಚಾರಣೆ ಮಾಡಲಿ ಅಂತೀಯಾ?" ಎಂದು ಕೇಳಿದೆ.

"ಯಾಕೆ ಸ್ವಾಮಿ, ನೀವು ಇಲ್ದೇ ಇರೋದ್ನ ಬರೆಯೋರಲ್ಲ ಬುಡಿ" ಎಂದ. ಬೀಗದ ಕೈಯನ್ನು ಊರಿಗೆ ಹೊರಟ ಸಂಜೆಯೇ ಏಜೆಂಟರ ಮನೆಯಲ್ಲಿ ಕೊಟ್ಟೆ ಎಂದ. "ಅಮ್ಮಾವ್ರನ್ನ ಒಂದು ಮಾತು ಕೇಳಿ, ಸಾಕು."

ಮನೆಯ ಹೆಂಗಸರನ್ನು ಕರೆಸುವ ಅಗತ್ಯವಿಲ್ಲ ಎಂದು ಬರೆದೆ. ಒಂದೇ ಮಧ್ಯಾಹ್ನಕ್ಕೆ ವಿಚಾರಣೆ ಮುಗಿಯಿತು. ಇಂಗ್ಲಿಷಿನಲ್ಲಿದ್ದ ಹೇಳಿಕೆಗೆ ಅವನು ನನ್ನ ಮುಖ ನೋಡಿ ರುಜು ಹಾಕಿದ. ಹದಿನೈದು ದಿನದಲ್ಲಿ ಕೆಲಸದಿಂದ ತೆಗೆದರು.

ಹೋದ ತಿಂಗಳು ಗುಬ್ಬಿಯಿಂದ ಬರುವಾಗ ಬಸ್ಸಿನಲ್ಲಿ ಟಿಕೆಟ್ ಹರಿದುಕೊಟ್ಟವನು ಅವನೇ. ಬಸ್ಸು ತುಂಬಿತ್ತು. ಯಾರನ್ನೋ ಎಬ್ಬಿಸಿ, "ಕೂತ್ಕೊಳಿ ಸ್ವಾಮಿ" ಎಂದ. ಕೂತೆ.

ಯೂನಿಯನ್ನಿನವರು ಹಾಕಿದ್ದ ಕೇಸು ಹೋದ ವಾರ ತೀರ್ಮಾನವಾಯಿತು. ನೌಕರ ಕೇಳಿಕೊಂಡ ಸಾಕ್ಷಿಯನ್ನು ಕರೆಸದ ವಿಚಾರಣೆ ವಿಚಾರಣೆಯೇ ಅಲ್ಲವೆಂದು ಲೇಬರ್ ಕೋರ್ಟು ವಜಾ ಆದೇಶವನ್ನು ರದ್ದು ಮಾಡಿದೆ. ಮುದ್ದಯ್ಯ ಸೋಮವಾರದಿಂದ ಕೆಲಸಕ್ಕೆ ಬರುತ್ತಿದ್ದಾನೆ. ಬ್ಯಾಂಕಿನವರು ಮತ್ತೆ ವಿಚಾರಣೆ ನಡೆಸುತ್ತಾರಂತೆ. ಪುಟ್ಟರಂಗಯ್ಯ ಎಂಬ ಅಧಿಕಾರಿ ಬೆಂಗಳೂರಿನಿಂದ ಬಂದು ನಿನ್ನ ಹೇಳಿಕೆ ಪಡೆಯುತ್ತಾರೆ. ಸಮಾಧಾನದ ಮನುಷ್ಯರು. ಹೆದರಬೇಡ.

ಭಾವನವರಿಗೆ ಬೇರೆ ಕಾಗದ ಬರೆದಿದ್ದೇನೆ. ಮಕ್ಕಳು ಚೆನ್ನಾಗಿ ಓದಿಕೊಂಡಿರಲಿ. ನಿಮಗೆಲ್ಲ ಒಳ್ಳೆಯದಾಗಲಿ.

ನಿನ್ನ ಅಣ್ಣ
ಪಟ್ಟಾಭಿರಾಮ

ವಿ.ಸೂ.: ತಪ್ಪು ನನ್ನದಾ ಅಣ್ಣ ಎಂದು ಕೇಳಿದ್ದೀಯ. ಅಲ್ಲ. ವಿಚಾರಣೆಯ ದಿನ ನಿಮ್ಮ ಮನೆಯಲ್ಲೇ ಊಟಕ್ಕೆ ಕೂತಿದ್ದೆ. ನೀನು ಬಡಿಸುತ್ತಾ, "ಬೀಗದ ಕೈ ನನ್ ಕೈಗೇ ಕೊಟ್ಟಿದ್ದ ಕಣಣ್ಣ. ಎಲ್ಲೋ ಇಟ್ಟು ಮರೆತಿದ್ದೆ. ನಿನ್ನೆ ಸಾರಿನ ಪುಡಿ ಡಬ್ಬದ ಹಿಂದೆ ಸಿಕ್ತು. ಇವರಿಗಿನ್ನೂ ಹೇಳಿಲ್ಲ" ಎಂದು ಹೇಳಿದೆ. "ವರದಿ ಹೋಗಿಯಾಗಿದೆ, ಭಾವನ ಮರ್ಯಾದೆ ಹೋಗುತ್ತೆ, ಸುಮ್ಮನಿರು" ಎಂದವನು ನಾನು. ಕೈ ತೊಳೆದು ಹೋಗಿ, ಸಾಕ್ಷಿ ಬೇಕಿಲ್ಲ ಎಂದು ಬರೆದೆ. ಪುಟ್ಟರಂಗಯ್ಯನವರು ಕೇಳಿದಾಗ ಇಷ್ಟನ್ನೂ ಹೇಳು. ನನ್ನ ಹೆಸರು ಬಿಡಬೇಡ.