ಎರಡು ಬೀದಿ, ಒಂದು ಲಾರಿ ಸಾಲು

ಅಕ್ಕನಿಗೆ ನಮಸ್ಕಾರ.

ಬಂದರಿನ ಲಾರಿ ಸಾಲನ್ನು ನಿಮ್ಮ ಬೀದಿಯಿಂದ ತೆಗೆಸಿ ಎಂದು ನೀವೆಲ್ಲ ಸಹಿ ಹಾಕಿದ ಅರ್ಜಿ ತಲುಪಿತು. ಧೂಳು ಬಾರದಂತೆ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದರೂ ಪಾಪುವಿನ ಕೆಮ್ಮು ನಿಂತಿಲ್ಲ ಎಂದು ಜೊತೆಗಿನ ಕಾಗದದಲ್ಲಿ ಹೇಳಿದ್ದೀಯ. "ನೀನು ಬಂದರು ಆಫೀಸಲ್ಲೇ ಕೂತಿರ್ತೀಯಲ್ಲ, ಯಾವ ಪುಣ್ಯಾತ್ಮ ಇದನ್ನ ಮಾಡಿದ್ದು ಅಂತ ಕೇಳೋ" ಎಂದೂ ಬರೆದಿದ್ದೀಯ.

ನಾನೇ ಅಕ್ಕ. ಸಾಹೇಬರು ನಕ್ಷೆ ಹರಡಿ, "ಲಾರಿ ನಿಲ್ಲಿಸೋಕೆ ಇವೆರಡರಲ್ಲಿ ಒಂದು ಬೀದಿ ನೀವೇ ಗುರುತು ಮಾಡ್ರೀ" ಎಂದರು. ಒಂದು ನಮ್ಮದು, ಇನ್ನೊಂದು ನಿಮ್ಮದು. ಪೆನ್ಸಿಲ್ ನನ್ನ ಕೈಯಲ್ಲಿತ್ತು.

ಅರ್ಜಿಯನ್ನು ಇದರ ಜೊತೆಗೇ ವಾಪಸ್ ಕಳಿಸಿದ್ದೇನೆ. ನನ್ನ ಮೇಲೆ ನನಗೇ ನಂಬಿಕೆಯಿಲ್ಲ, ನೀನೇ ಬಂದು ಸಾಹೇಬರ ಕೈಗೆ ಕೊಡು. ಬೀದಿ ಗುರುತು ಮಾಡಿದವನು ಎಂದು ಅದರಲ್ಲಿ ನನ್ನ ಹೆಸರನ್ನೂ ಬರೆ.

ಲಾರಿ ಸಾಲು ಹೋಗುವವರೆಗೆ ಪಾಪುವನ್ನು ನಮ್ಮ ಮನೆಗೆ ಕಳಿಸು. ನಾವೀಗ ಕಿಟಕಿ ತೆರೆದೇ ಮಲಗುತ್ತೇವೆ.

ನಿನ್ನ ತಮ್ಮ