ಮಾವನ ಮಗಳಿಗೆ ಕಾಲೇಜು ಸೀಟು

ಪೂಜ್ಯ ಮಾವನವರಿಗೆ ನಮಸ್ಕಾರಗಳು.

“ಯಾರದೋ ಮಕ್ಕಳ ಕಾಲೇಜಿಗೆ ನನ್ನ ತೆರಿಗೆ ಯಾಕೆ ಹೋಗ್ಬೇಕು?” ಎಂದು ಹೋದ ತಿಂಗಳು ನಿಮ್ಮೊಡನೆ ಜಗಳವಾಡಿ ಬಂದಿದ್ದೆ. ನಿನ್ನೆ ನಿಮ್ಮ ಮಗಳಿಗೆ, ಈ ನಲವತ್ತೈದರ ವಯಸ್ಸಿನಲ್ಲಿ, ಕಾನೂನು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಫೀಸೆಲ್ಲ ಸರ್ಕಾರದ್ದು.

“ರೀ, ನಿಮ್ಮ ತೆರಿಗೇಲಿ ಓದೋಳು ಈಗ ಯಾರ ಮಗಳು?” ಎಂದು ಕೇಳಿದಳು.

“ನಮ್ಮ ಮಾವನ ಮಗಳು ಕಣೇ!” ಎಂದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಇವತ್ತು ಸಲೂನಿಗೆ ಬಂದವರಿಗೆಲ್ಲ ಸುದ್ದಿ ಹೇಳುತ್ತಲೇ ಕತ್ತರಿ ಆಡಿಸಿದೆ. ಒಬ್ಬರ ಮೀಸೆ ಒಂದು ಕಡೆ ಗಿಡ್ಡವಾಯಿತು.

ಅಂದು ಫೀಸು ಹೊಂದಿಸಲಾಗದೆ ಅವಳ ಓದು ಬಿಡಿಸಿದ್ದಕ್ಕೆ ಇನ್ನು ಕೊರಗಬೇಡಿ. ಅವಳ ಹಳೆಯ ಅಂಕಪಟ್ಟಿ ನಿಮ್ಮ ಬೀರುವಿನಲ್ಲಿದೆಯಂತೆ. ಅಂಚೆಗೆ ಹಾಕದೆ, ಸೋಮವಾರದೊಳಗೆ ನೀವೇ ತನ್ನಿ. ಮೊದಲ ದಿನ ಕಾಲೇಜಿನ ಗೇಟಿನವರೆಗೆ ಅವಳಿಗೆ ಅಪ್ಪನೇ ಬೇಕಂತೆ.

ಸೋತು ಹಿಗ್ಗುತ್ತಿರುವ,
ನಿಮ್ಮ ಅಳಿಯ